ಫೇವರಿಟ್ ಕುದುರೆ ಗೆಲ್ಲುತ್ತೆ, ಅದಕ್ಕೆ ಕಟ್ಟಿದವರು ಯಾಕೆ ಸೋಲ್ತಾರೆ?

ಲೆಕ್ಕಗಳನ್ನ ಕಿವಿಯಲ್ಲಿ ಕೇಳಿದ್ರೆ ತಲೆಗೆ ಹೋಗಲ್ಲ, ಕಣ್ಣಲ್ಲಿ ನೋಡಬೇಕು ಅಂತ ತುಂಬಾ ಜನ ಹೇಳಿದ್ರಿ. ಅದಕ್ಕೇ ಈ ವಾರದ ಎಪಿಸೋಡ್‌ನ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ಮಾತಾಡುವಾಗ ಬಂದ "ಆಮೇಲೆ", "ಅಂದ್ರೆ"ಗಳನ್ನ ಆದಷ್ಟು ತೆಗೆದಿದ್ದೀನಿ, ಪೂರ್ತಿ ಹೋಗಿಲ್ಲ.

ವಿಷಯ ಬಂದಿದ್ದು ಒಬ್ಬ ಕೇಳುಗರ ವಾಯ್ಸ್ ನೋಟ್‌ನಿಂದ. ಇನ್ನೂ ಕಾಲೇಜಲ್ಲಿರೋ ಹುಡುಗ. "ಬ್ರೋ, ಒಂದು ಟೆಲಿಗ್ರಾಂ ಗ್ರೂಪಲ್ಲಿ ಪ್ರತಿ ರೇಸಿಗೂ ಫೇವರಿಟ್ ಕುದುರೆ ಹೆಸರು ಹಾಕ್ತಾರೆ. ಸೋತ್ರೆ ಮುಂದಿನ ರೇಸಲ್ಲಿ ಡಬಲ್ ಹಾಕು, ಒಂದಲ್ಲಾ ಒಂದು ಫೇವರಿಟ್ ಗೆದ್ದೇ ಗೆಲ್ಲುತ್ತೆ, ಎಲ್ಲಾ ವಾಪಸ್ ಬರುತ್ತೆ ಅಂತಾರೆ. ಲೆಕ್ಕ ಸರಿಯಾಗೇ ಕಾಣ್ತಿದೆ. ತಪ್ಪು ಎಲ್ಲಿದೆ?"

ಒಳ್ಳೇ ಪ್ರಶ್ನೆ. ನಮ್ಮ ಮನೆಗಳಲ್ಲಿ ಇದಕ್ಕೆ ಸಿಗೋ ಉತ್ತರ ಒಂದೇ: "ಕುದುರೆ ಬಾಲಕ್ಕೆ ದುಡ್ಡು ಕಟ್ಟಬೇಡ." ಮಾತು ಸರಿ ಇರಬಹುದು. ಆದ್ರೆ ಯಾಕೆ ಅಂತ ಯಾರೂ ಹೇಳಲ್ಲ. ಹೇಳದೇ ಇದ್ದಾಗ ಆ ಜಾಗಕ್ಕೆ ಟೆಲಿಗ್ರಾಂ ಗ್ರೂಪ್ ಬಂದು ಕೂತ್ಕೊಳ್ಳುತ್ತೆ.

ಮೊದಲು ಫೇವರಿಟ್ ಅಂದ್ರೇನು ನೋಡೋಣ. ತುಂಬಾ ಜನ ಅಂದ್ಕೊಂಡಿರೋದು, ಫೇವರಿಟ್ ಅಂದ್ರೆ ರೇಸಿನಲ್ಲಿರೋ ಅತ್ಯುತ್ತಮ ಕುದುರೆ ಅಂತ. ಅಲ್ಲ. ಅತಿ ಹೆಚ್ಚು ಹಣ ಯಾವ ಕುದುರೆ ಮೇಲೆ ಬಿದ್ದಿದೆಯೋ ಅದು ಫೇವರಿಟ್. ಅದು ಜನರ ಅಭಿಪ್ರಾಯ. ಟೋಟ್‌ನಲ್ಲಿ ಇದು ಚೆನ್ನಾಗಿ ಕಾಣುತ್ತೆ. ಜೋಸೆಫ್ ಒಲ್ಲೇ ಅನ್ನೋ ವ್ಯಕ್ತಿ 1867ರಲ್ಲಿ ಪ್ಯಾರಿಸ್‌ನಲ್ಲಿ ಶುರು ಮಾಡಿದ ಪದ್ಧತಿ ಇದು. ಎಲ್ಲರ ಹಣವನ್ನೂ ಒಂದೇ ಹುಂಡಿಗೆ ಹಾಕೋದು, ನಡೆಸೋರು ತಮ್ಮ ಪಾಲು ತಗೊಳ್ಳೋದು, ಉಳಿದದ್ದನ್ನ ಗೆದ್ದವರಿಗೆ ಹಂಚೋದು. ಒಂದು ರೇಸಿಗೆ 1 ಲಕ್ಷ ಬಿತ್ತು ಅಂದ್ಕೊಳ್ಳಿ. 20 ಸಾವಿರ ನಡೆಸೋರ ಪಾಲು, ತೆರಿಗೆ ಅಂತ ಹೋಯ್ತು. ಉಳಿದದ್ದು 80 ಸಾವಿರ. ಫೇವರಿಟ್ ಮೇಲೆ ಕಟ್ಟಿದವರ ಹಣ 40 ಸಾವಿರ. ಅದು ಗೆದ್ರೆ 10 ರೂಪಾಯಿ ಟಿಕೆಟ್‌ಗೆ 20 ರೂಪಾಯಿ. ಅದೇ ಕುದುರೆ ಮೇಲೆ 64 ಸಾವಿರ ಬಿದ್ದಿದ್ರೆ? 10 ರೂಪಾಯಿಗೆ ಹನ್ನೆರಡೂವರೆ. ಕುದುರೆ ಅದೇ, ಜಾಕಿ ಅವನೇ, ಓಟ ಅದೇ. ಬೆಲೆ ಮಾತ್ರ ಬೇರೆ.

ಬುಕ್ಕಿ ಹತ್ರ ಆದ್ರೆ ಬೆಲೆಯನ್ನ ಅವನೇ ಬೋರ್ಡ್ ಮೇಲೆ ಬರೀತಾನೆ. 6 ಕುದುರೆಗಳ ರೇಸಿನ ಒಂದು ಉದಾಹರಣೆ ತಗೊಳ್ಳೋಣ, ಕಾಲ್ಪನಿಕ. ಬೆಲೆಗಳು 6/4, 3/1, 4/1, 6/1, 9/1, 9/1. ಪ್ರತಿಯೊಂದನ್ನೂ ಗೆಲ್ಲೋ ಸಾಧ್ಯತೆಯಾಗಿ ಬದಲಾಯಿಸಿದ್ರೆ 40, 25, 20, 14 ಚಿಲ್ಲರೆ, 10, 10. ಕೂಡಿಸಿ: 119. ಗೆಲ್ಲೋದು ಒಂದೇ ಕುದುರೆ, ಹಾಗಾಗಿ ಮೊತ್ತ 100 ಇರಬೇಕಿತ್ತು. ಮೇಲಿನ 19 ಬುಕ್ಕಿಯ ಅಂಗಡಿ ಬಾಡಿಗೆ, ಲಾಭ ಎರಡೂ. ಪ್ರತಿ ಕುದುರೆಯ ಮೇಲೂ ಬೆಲೆಗೆ ತಕ್ಕಂತೆ ಹಣ ಹಂಚಿ ಕಟ್ಟಿದ್ರೆ, ಯಾವುದೇ ಗೆದ್ರೂ ನೀವು 119 ಕೊಟ್ಟು 100 ವಾಪಸ್ ತಗೊಂಡು ಬರ್ತೀರಿ.

ಈಗ ಆ ಹುಡುಗನ ಡಬಲ್ ಲೆಕ್ಕಕ್ಕೆ ಬರೋಣ. ಫೇವರಿಟ್‌ಗಳು ಎಷ್ಟು ಸಲ ಗೆಲ್ತವೆ? ಅಮೆರಿಕ, ಬ್ರಿಟನ್‌ನಂಥ ಕಡೆ ದಶಕಗಟ್ಟಲೆ ಲೆಕ್ಕ ಇಟ್ಟಿದ್ದಾರೆ. ಸುಮಾರು ಮೂರರಲ್ಲಿ ಒಂದು. ಬೇರೆ ಯಾವ ಕುದುರೆಗಿಂತಲೂ ಇದು ಜಾಸ್ತಿ, ನಿಜ. ಆದ್ರೆ ಮೂರರಲ್ಲಿ ಎರಡು ಸಲ ಸೋಲುತ್ತೆ ಅನ್ನೋದೂ ಅಷ್ಟೇ ನಿಜ. ಒಂದು ದಿನ 8 ರೇಸ್ ಇದ್ರೆ, ಎಂಟರಲ್ಲೂ ಫೇವರಿಟ್ ಸೋಲೋ ಸಾಧ್ಯತೆ ಸುಮಾರು 4 ಪರ್ಸೆಂಟ್. ಅಂದ್ರೆ 25 ರೇಸ್ ದಿನಗಳಲ್ಲಿ ಒಂದು ದಿನ. ಅದು ಅಪರೂಪ ಅಲ್ಲ, ಒಂದು ಸೀಸನ್‌ನಲ್ಲೇ ಬಂದು ಹೋಗೋ ದಿನ. 100 ರೂಪಾಯಿಂದ ಶುರು ಮಾಡಿ ಡಬಲ್ ಮಾಡ್ತಾ ಹೋದವನು ಆ ಸಂಜೆ ಕಳೆದಿರೋದು 25,500. ಎಲ್ಲಾ ವಾಪಸ್ ತರೋಕೆ ಮುಂದಿನ ಬಾಜಿ 25,600. ಯಾವ ಹಾಸ್ಟೆಲ್ ಹುಡುಗನ ಹತ್ರ ಅಷ್ಟಿರುತ್ತೆ?

"ಇಲ್ಲ ಬ್ರೋ, ನಾವು ಪಕ್ಕಾ ಫೇವರಿಟ್‌ಗೆ ಮಾತ್ರ ಕಟ್ಟೋದು" ಅಂತೀರಾ? ಅಲ್ಲಿ ಇನ್ನೊಂದು ಗುಂಡಿ ಇದೆ, ನನಗೆ ಇದೇ ಹೆಚ್ಚು ಮಜಾ ಅನ್ಸಿದ್ದು. ಪಕ್ಕಾ ಫೇವರಿಟ್‌ನ ಬೆಲೆ 80/100 ಥರ ಇರುತ್ತೆ. 100 ಕಟ್ಟಿದ್ರೆ ಲಾಭ 80. ಈಗ ಡಬಲ್ ಮಾಡಿ. 100 ಹೋಯ್ತು, 200 ಹೋಯ್ತು, 400 ಹೋಯ್ತು. ಒಟ್ಟು 700. ನಾಲ್ಕನೇ ಸಲ 800 ಕಟ್ಟಿದ್ರಿ, ಕುದುರೆ ಗೆಲ್ತು, ಎಲ್ಲರೂ ಕುಣಿದ್ರಿ. ಬಂದ ಲಾಭ 640. ಗೆದ್ದ ಮೇಲೂ 60 ರೂಪಾಯಿ ಲಾಸ್! ಇಂಥ ಬೆಲೆಯ ಕುದುರೆ ಹೆಚ್ಚುಕಮ್ಮಿ ಅರ್ಧ ಸಲ ಗೆಲ್ಲುತ್ತೆ ಅಂದ್ಕೊಂಡ್ರೂ, ಸತತ ಮೂರು ಸೋಲು 8 ಪ್ರಯತ್ನಕ್ಕೆ ಒಂದು ಸಲ ಬಂದೇ ಬರುತ್ತೆ. ಡಬಲ್ ಹಾಕೋ ಉಪಾಯ ಕೆಲಸ ಮಾಡಬೇಕಾದ್ರೆ ಬೆಲೆ ಕನಿಷ್ಠ ಒಂದಕ್ಕೆ ಒಂದು ಇರಬೇಕು, ಜೇಬು ತಳ ಇಲ್ಲದ್ದಾಗಿರಬೇಕು.

ನಾನು ಓದಿದ್ದು ಬಿ.ಕಾಂ. ಕಾಸ್ಟಿಂಗ್ ಪೇಪರಲ್ಲಿ ಬ್ರೇಕ್ ಈವನ್ ಪಾಯಿಂಟ್ ಅಂತ ಒಂದು ಬರುತ್ತೆ, ಎಷ್ಟು ಮಾರಿದ್ರೆ ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನೋ ಜಾಗ. ಪ್ರತಿ ರೇಸ್ ಬೆಲೆಗೂ ಅದು ಇದೆ. 6/4 ಅಂದ್ರೆ 100ಕ್ಕೆ 40 ಸಲ ಗೆಲ್ಲಬೇಕು. ಈವನ್ ಮನಿ ಅಂದ್ರೆ 50. 80/100 ಅಂದ್ರೆ 56ರ ಹತ್ತಿರ. ಇದನ್ನ ಕೊನೇ ತುದಿಗೆ ಎಳೆದು ನೋಡ್ಬೇಕಂದ್ರೆ 1973ರ ಬೆಲ್ಮಾಂಟ್ ಸ್ಟೇಕ್ಸ್ ನೋಡಿ. ಸೆಕ್ರೆಟೇರಿಯಟ್ 31 ಲೆಂತ್ ಅಂತರದಲ್ಲಿ ಗೆದ್ದ ರೇಸ್, ಯೂಟ್ಯೂಬಲ್ಲಿ ಇದೆ, ನೋಡಿಲ್ಲ ಅಂದ್ರೆ ನೋಡಿ, ಹಿಂದೆ ಬೇರೆ ಕುದುರೆಗಳೇ ಕಾಣಲ್ಲ. ಅದರ ಮೇಲೆ 2 ಡಾಲರ್ ಕಟ್ಟಿದವರಿಗೆ ಸಿಕ್ಕಿದ್ದು 2 ಡಾಲರ್ 20 ಸೆಂಟ್. ಆ ಬೆಲೆಯಲ್ಲಿ 10 ಸಲ ಗೆದ್ದು ಒಂದು ಸಲ ಸೋತ್ರೆ ಕೈಗೆ ಬರೋದು ಸೊನ್ನೆ. ಅದೇ ಸೆಕ್ರೆಟೇರಿಯಟ್ ಅದೇ ವರ್ಷ ಆಗಸ್ಟ್‌ನಲ್ಲಿ ಸಾರಟೋಗಾದಲ್ಲಿ ಭಾರೀ ಫೇವರಿಟ್ ಆಗಿ ಓಡಿ ಸೋತಿತು. ಸೋಲಿಸಿದ ಕುದುರೆಯ ಹೆಸರು ಆನಿಯನ್. ಹೌದು, ಈರುಳ್ಳಿ.

ಹಾಗಾದ್ರೆ ಕೌಶಲ ಅನ್ನೋದು ಇಲ್ವೇ ಇಲ್ವಾ? ಇದೆ. ಇಲ್ಲಿ ಹ್ಯಾಂಡಿಕ್ಯಾಪ್ ಅನ್ನೋ ಪದವನ್ನ ಬಿಡಿಸ್ಕೋಬೇಕು, ಯಾಕಂದ್ರೆ ಅದಕ್ಕೆ ಎರಡು ಅರ್ಥ. ಮೊದಲನೇದು ಕ್ಲಬ್‌ನ ಹ್ಯಾಂಡಿಕ್ಯಾಪರ್ ಮಾಡೋ ಕೆಲಸ. ಪ್ರತಿ ಕುದುರೆಗೂ ಒಂದು ರೇಟಿಂಗ್ ಕೊಟ್ಟು, ಚೆನ್ನಾಗಿ ಓಡೋದಕ್ಕೆ ಹೆಚ್ಚು ಭಾರ, ಸುಮಾರಾಗಿ ಓಡೋದಕ್ಕೆ ಕಡಿಮೆ ಭಾರ ಹೊರಿಸೋದು. ನಮ್ಮ ದೇಶದಲ್ಲಿ ಒಂದು ಪಾಯಿಂಟ್‌ಗೆ ಅರ್ಧ ಕೆಜಿ. 60 ರೇಟಿಂಗ್ ಕುದುರೆ 60 ಕೆಜಿ ಹೊತ್ರೆ, 40 ರೇಟಿಂಗ್ ಕುದುರೆಗೆ 50 ಕೆಜಿ. ಜಾಕಿ ಹಗುರ ಇದ್ರೆ ಜೀನಿನಲ್ಲಿ ಸೀಸ ಇಟ್ಟು ತೂಕ ಸರಿ ಮಾಡ್ತಾರೆ. ಮೈಲಿ ದೂರದ ರೇಸಲ್ಲಿ ಹೆಚ್ಚುಕಮ್ಮಿ ಒಂದು ಕೆಜಿಗೆ ಒಂದು ಲೆಂತ್ ವ್ಯತ್ಯಾಸ ಅಂತ ಒಂದು ಅಂದಾಜು ಲೆಕ್ಕ ಇದೆ. ಈ ಮನುಷ್ಯನ ಕನಸು ಏನು ಗೊತ್ತಾ? ಎಲ್ಲಾ ಕುದುರೆಗಳೂ ಒಟ್ಟಿಗೆ ಗೆರೆ ದಾಟಬೇಕು. ಅಂದ್ರೆ ಫೇವರಿಟ್‌ನ ಕಾಲು ಎಳೆಯೋದೇ ಅವರ ಕೆಲಸ. ಡರ್ಬಿ ಥರದ ರೇಸುಗಳಲ್ಲಿ ಈ ಎಳೆದಾಟ ಇಲ್ಲ, ಗಂಡು ಕುದುರೆಗಳೆಲ್ಲಾ ಒಂದೇ ಭಾರ ಹೊರ್ತವೆ, ಹೆಣ್ಣು ಕುದುರೆಗಳಿಗೆ ಸ್ವಲ್ಪ ರಿಯಾಯಿತಿ. ಹಾಗಾಗಿ "ಫೇವರಿಟ್" ಅಂತ ಒಂದೇ ಹೆಸರು ಕೊಟ್ರೂ ಹ್ಯಾಂಡಿಕ್ಯಾಪ್ ರೇಸಿನ ಫೇವರಿಟ್ ಬೇರೆ, ಡರ್ಬಿ ಫೇವರಿಟ್ ಬೇರೆ. ಟೆಲಿಗ್ರಾಂ ಗ್ರೂಪಲ್ಲಿ ಇದನ್ನ ಹೇಳಿದ್ದಾರಾ ಅಂತ ಕೇಳಿ ನೋಡಿ.

ಎರಡನೇ ಅರ್ಥ ಪಂಟರ್‌ದು. ರೇಸ್ ಪುಸ್ತಕ ಇಟ್ಕೊಂಡು ಯಾವ ಕುದುರೆ ಗೆಲ್ಲೋ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕೋದನ್ನೂ, ಮುಖ್ಯವಾಗಿ ಅಮೆರಿಕದಲ್ಲಿ, ಹ್ಯಾಂಡಿಕ್ಯಾಪಿಂಗ್ ಅಂತಾನೇ ಕರೀತಾರೆ. ಹಿಂದಿನ ಓಟಗಳು, ಯಾವ ದೂರಕ್ಕೆ ಒಗ್ಗುತ್ತೆ, ಎಷ್ಟು ಭಾರ, ಯಾವ ಗೇಟಿನಿಂದ ಹೊರಡುತ್ತೆ, ಜಾಕಿ ಯಾರು, ತರಬೇತುದಾರ ಯಾರು, ಟ್ರ್ಯಾಕ್ ಗಟ್ಟಿ ಇದೆಯಾ ಮೆತ್ತಗಿದೆಯಾ. ಬೆಂಗಳೂರಿನ ಬೇಸಿಗೆ ಸೀಸನ್ ಅಂತ ಹೆಸರು, ಆದ್ರೆ ಅದು ಜುಲೈವರೆಗೂ ಹೋಗುತ್ತೆ, ಮಳೆ ಶುರುವಾಗಿರುತ್ತೆ. ಆಗ ನೆಲ ಎಷ್ಟು ಮೆತ್ತಗಿದೆ ಅಂತ ಅಳೆಯೋ ಪೆನೆಟ್ರೋಮೀಟರ್ ರೀಡಿಂಗ್‌ಗೆ ಬೆಲೆ ಬರುತ್ತೆ. ಇದೆಲ್ಲಾ ನಿಜವಾದ ಓದು. 1996ರಲ್ಲಿ ಸುಪ್ರೀಂ ಕೋರ್ಟ್ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ, ಜೂಜಲ್ಲ ಅಂತ ಹೇಳಿದ್ದೂ ಇಂಥ ಸಂಗತಿಗಳನ್ನ ನೋಡಿಯೇ. ರೇಸ್ ಪರ ಮಾತಾಡೋರು ಇವತ್ತಿಗೂ ಈ ತೀರ್ಪನ್ನ ಮುಂದಿಡ್ತಾರೆ.

ಆದ್ರೆ ಕೋರ್ಟ್ ಹೇಳಿದ್ದು ಕೌಶಲ ಇದೆ ಅಂತ. ಆ ಕೌಶಲದಿಂದ ನಿಮಗೆ ದುಡ್ಡು ಉಳಿಯುತ್ತೆ ಅಂತ ಅಲ್ಲ. ಇವೆರಡರ ನಡುವೆ ಒಂದು ಊರಿನಷ್ಟು ದೂರ ಇದೆ.

ಯಾಕಂದ್ರೆ ರೇಸ್ ಪುಸ್ತಕ ನೀವೊಬ್ಬರೇ ಓದಲ್ಲ. ನಿಮ್ಮ ಪಕ್ಕದಲ್ಲಿ ನಿಂತಿರೋ, 30 ವರ್ಷದಿಂದ ಬರ್ತಿರೋ ಅಂಕಲ್ ಕೂಡ ಅದನ್ನೇ ಓದಿದ್ದಾರೆ. ಈ ಕುದುರೆ ಹೋದ ಸಲ 3 ಲೆಂತ್‌ನಲ್ಲಿ ಗೆದ್ದಿದೆ ಅನ್ನೋದು ನಿಮಗೆ ಗೊತ್ತಾಗೋ ಹೊತ್ತಿಗೆ ಬೆಲೆಯೊಳಗೆ ಅದು ಸೇರಿ ಆಗಿದೆ. ನಿಮ್ಮ ಲೆಕ್ಕದಲ್ಲಿ ಫೇವರಿಟ್ ಗೆಲ್ಲೋ ಸಾಧ್ಯತೆ 50 ಅಂತಿಟ್ಕೊಳ್ಳಿ. ಬೆಲೆ 80/100 ಇದ್ರೆ ಆ ಕುದುರೆ ದುಬಾರಿ, ಗೆಲ್ಲುತ್ತೆ ಅಂತ ನಿಮಗೇ ಅನ್ಸಿದ್ರೂ ಬಿಡಬೇಕು. ಈವನ್ ಮನಿ ಇದ್ರೆ ಸಮ. 6/4 ಇದ್ರೆ ಮಾತ್ರ ಅಗ್ಗ. ಮಾವಿನಹಣ್ಣು ಒಳ್ಳೇದಾ ಅಂತ ಕೇಳೋದು ಒಂದು, ಕೆಜಿಗೆ ಎಷ್ಟು ಅಂತ ಕೇಳೋದು ಇನ್ನೊಂದು. ಟಿಪ್ಸ್ ಕೊಡೋರು ಯಾವಾಗಲೂ ಮೊದಲನೇದನ್ನ ಹೇಳ್ತಾರೆ, ಎರಡನೇದನ್ನ ಹೇಳಲ್ಲ.

ಒಂದು ವಿಚಾರ ಫೇವರಿಟ್‌ಗಳ ಪರವಾಗಿ ಹೇಳ್ಲೇಬೇಕು. 1949ರಲ್ಲಿ ಗ್ರಿಫಿತ್ ಅನ್ನೋ ಮನಶ್ಶಾಸ್ತ್ರಜ್ಞ ಅಮೆರಿಕದ ರೇಸುಗಳ ಬೆಲೆಗಳನ್ನ ಕೂಡಿಸಿ ನೋಡಿದಾಗ ಒಂದು ವಿಚಿತ್ರ ಕಂಡ್ರು. ಜನ ದೊಡ್ಡ ಬೆಲೆಯ ಕುದುರೆಗಳ ಮೇಲೆ ಅಗತ್ಯಕ್ಕಿಂತ ಹೆಚ್ಚು ಕಟ್ತಾರೆ, ಫೇವರಿಟ್‌ಗಳ ಮೇಲೆ ಕಡಿಮೆ ಕಟ್ತಾರೆ. 10 ಹಾಕಿ ಸಾವಿರ ತರೋ ಆಸೆ ನಮಗೆಲ್ಲಾ ಇದೆಯಲ್ಲ, ಅದೇ. ಆಮೇಲೆ ಸ್ನೋಬರ್ಗ್ ಮತ್ತು ವುಲ್ಫರ್ಸ್ ಅನ್ನೋ ಅರ್ಥಶಾಸ್ತ್ರಜ್ಞರು 1992ರಿಂದ 2001ರವರೆಗಿನ ಅಮೆರಿಕದ ರೇಸುಗಳನ್ನ ಹಿಡಿದು ಇದನ್ನ ಭಾರೀ ಪ್ರಮಾಣದಲ್ಲಿ ನೋಡಿದ್ರು. 100/1 ಮತ್ತು ಅದಕ್ಕೂ ಮೇಲಿನ ಬೆಲೆಯ ಕುದುರೆಗಳಿಗೆ ಕಟ್ಟಿದವರು 100 ಡಾಲರಿಗೆ ಸುಮಾರು 61 ಕಳ್ಕೊಂಡಿದ್ರು. ಕಣ್ಣು ಮುಚ್ಚಿ ಯಾವುದಕ್ಕೋ ಕಟ್ಟಿದ್ರೆ 23 ನಷ್ಟ. ಪ್ರತಿ ರೇಸಲ್ಲೂ ಫೇವರಿಟ್‌ಗೇ ಕಟ್ಟಿದ್ರೆ? ಐದೂವರೆ. ಹಾಗಾಗಿ "ಫೇವರಿಟ್‌ಗೆ ಕಟ್ಟು" ಅನ್ನೋ ಸಲಹೆ ಪೂರ್ತಿ ಬೊಗಳೆ ಅಲ್ಲ. ಇರೋದ್ರಲ್ಲಿ ಕಡಿಮೆ ಕಳ್ಕೊಳ್ಳೋ ದಾರಿ ಅದು. ಕಡಿಮೆ ಕಳ್ಕೊಳ್ಳೋದು, ಗಳಿಸೋದಲ್ಲ.

ಇದನ್ನ ಮೀರಿ ನಿಜವಾಗಲೂ ಗಳಿಸಿದವರಲ್ಲಿ ಹೆಚ್ಚು ಪ್ರಸಿದ್ಧ ಹೆಸರು ಬಿಲ್ ಬೆಂಟರ್. ಲಾಸ್ ವೇಗಾಸ್‌ನಲ್ಲಿ ಬ್ಲ್ಯಾಕ್‌ಜಾಕ್ ಎಲೆ ಎಣಿಸ್ತಿದ್ದ ಮನುಷ್ಯ, 1980ರ ದಶಕದ ಮಧ್ಯದಲ್ಲಿ ಅಲನ್ ವುಡ್ಸ್ ಜೊತೆ ಹಾಂಗ್‌ಕಾಂಗ್‌ಗೆ ಹೋದ. ಹಾಂಗ್‌ಕಾಂಗೇ ಯಾಕೆ? ಅಲ್ಲಿ ಇರೋದು ಎರಡು ಟ್ರ್ಯಾಕ್, ಅವವೇ ಕುದುರೆಗಳು ಪದೇಪದೇ ಒಂದರ ಎದುರು ಒಂದು ಓಡ್ತವೆ, ಹುಂಡಿಗೆ ಬೀಳೋ ಹಣ ಅಪಾರ. ಕಂಪ್ಯೂಟರಿಗೆ ಕೂಡಿಸೋಕೆ ಇದಕ್ಕಿಂತ ಚೊಕ್ಕ ಡೇಟಾ ಸಿಗಲ್ಲ. ಆದ್ರೂ ಶುರುವಿನಲ್ಲಿ ತಂದ ಹಣದ ಬಹುಪಾಲು ಹೋಯ್ತು. 1994ರಲ್ಲಿ ಅವನೇ ಬರೆದ ಪೇಪರ್‌ನಲ್ಲಿ ಗುಟ್ಟು ಇದೆ, ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಅದು. ತನ್ನ ಮಾಡೆಲ್ ಕೊಟ್ಟ ಸಾಧ್ಯತೆಯನ್ನಷ್ಟೇ ಅವನು ನಂಬಲಿಲ್ಲ. ಜನ ಕಟ್ಟಿ ಬಂದಿರೋ ಬೆಲೆಯನ್ನೂ ಅದರೊಳಗೆ ಸೇರಿಸಿದ. ಅಂದ್ರೆ ಫೇವರಿಟ್ ಮಾಡಿರೋ ಆ ಗುಂಪಿಗೆ ನನಗೆ ಗೊತ್ತಿಲ್ಲದ ಏನೋ ಗೊತ್ತಿದೆ ಅಂತ ಒಪ್ಪಿಕೊಂಡ. ಹಾಗೆ ಒಪ್ಪಿಕೊಂಡ ಮೇಲೂ ಎಲ್ಲಿ ಬೆಲೆ ಅಗ್ಗ ಕಾಣುತ್ತೋ ಅಲ್ಲಿ ಮಾತ್ರ, ಬಂಡವಾಳದ ಸಣ್ಣ ಪಾಲು ಮಾತ್ರ ಕಟ್ಟಿದ. ಸೋತ್ರೆ ಡಬಲ್ ಹಾಕೋ ಪ್ರಶ್ನೆಯೇ ಇರಲಿಲ್ಲ, ಬಂಡವಾಳ ಇಳಿದ್ರೆ ಬಾಜಿಯೂ ಇಳಿಯುತ್ತೆ. ನಮ್ಮ ಗ್ರೂಪ್ ಹೇಳೋದಕ್ಕೆ ಸರಿಯಾಗಿ ಉಲ್ಟಾ.

ಬೆಂಟರ್ ಕಥೆ ಹೇಳಿದ ತಕ್ಷಣ ಇಂಜಿನಿಯರಿಂಗ್ ಹುಡುಗರು ಪೈಥಾನ್ ಓಪನ್ ಮಾಡ್ತೀರಿ ಅಂತ ಗೊತ್ತು. ಸ್ವಲ್ಪ ತಡೀರಿ. ಹಾಂಗ್‌ಕಾಂಗ್ ಜಾಕಿ ಕ್ಲಬ್ ವಿನ್ ಹುಂಡಿಯಿಂದ ಕತ್ತರಿಸೋದು ಹದಿನೇಳೂವರೆ ಪರ್ಸೆಂಟ್. ಆ ಗೋಡೆ ಹತ್ತೋಕೆ ಬೆಂಟರ್‌ಗೆ ವರ್ಷಗಳೇ ಬೇಕಾದವು. ನಮ್ಮ ಗೋಡೆ ಎಷ್ಟು ಎತ್ತರ?

ರೇಸ್ ಬಾಜಿಗೆ ಜಿಎಸ್‌ಟಿ ಬೀಳೋದು ನಡೆಸೋರ ಕಮಿಷನ್ ಮೇಲಲ್ಲ, ಬಾಜಿಯ ಪೂರ್ತಿ ಮೊತ್ತದ ಮೇಲೆ. ಇದನ್ನ ಬೆಂಗಳೂರು ಟರ್ಫ್ ಕ್ಲಬ್ ಪ್ರಶ್ನಿಸಿದಾಗ 2021ರಲ್ಲಿ ಕರ್ನಾಟಕ ಹೈಕೋರ್ಟ್ ಕ್ಲಬ್ ಪರವಾಗಿ ತೀರ್ಪು ಕೊಟ್ಟಿತ್ತು. 2023ರ ಅಕ್ಟೋಬರ್‌ನಿಂದ ಕಾನೂನೇ ತಿದ್ದುಪಡಿ ಆಗಿ ಪೂರ್ತಿ ಮೊತ್ತದ ಲೆಕ್ಕ ಗಟ್ಟಿಯಾಯ್ತು. ದರ ಆಗ 28 ಪರ್ಸೆಂಟ್. 2025ರ ಸೆಪ್ಟೆಂಬರ್ 22ರಿಂದ 40. ಇನ್ನು ಗೆದ್ದ ಹಣಕ್ಕೆ 30 ಪರ್ಸೆಂಟ್ ಆದಾಯ ತೆರಿಗೆ ಬೇರೆ, ಮತ್ತೆ ಅಲ್ಲಿ ಸೋತ ಬಾಜಿಗಳನ್ನ ಗೆದ್ದದ್ದರಿಂದ ಕಳೆಯೋ ಹಾಗಿಲ್ಲ. ಕಾಮರ್ಸ್ ಓದಿದವರಿಗೆ ಈ ಒಂದು ಸಾಲು ಸಾಕು, ತಲೆ ಮೇಲೆ ಕೈ ಇಟ್ಕೊಳ್ತಾರೆ. ನಷ್ಟವನ್ನ ಲೆಕ್ಕಕ್ಕೇ ತಗೊಳ್ಳದ ವ್ಯವಹಾರ ಅದು.

ಆದಾಯ ತೆರಿಗೆ ಪಕ್ಕಕ್ಕಿಡಿ. ಜಿಎಸ್‌ಟಿ ಒಂದನ್ನೇ ನೋಡೋಣ. 100 ರೂಪಾಯಿ ಬಾಜಿ, 40 ತೆರಿಗೆ, ಜೇಬಿನಿಂದ ಹೋಗಿದ್ದು 140 ಅಂತ ಲೆಕ್ಕ ಹಿಡಿಯಿರಿ. ಈವನ್ ಮನಿ ಫೇವರಿಟ್ ಗೆದ್ರೆ ವಾಪಸ್ 200. ಸಮ ಆಗಬೇಕಾದ್ರೆ 100ಕ್ಕೆ 70 ಸಲ ಗೆಲ್ಲಬೇಕು. 70 ಸಲ ಗೆಲ್ಲೋ ಕುದುರೆಗೆ ಈವನ್ ಮನಿ ಕೊಡೋ ಬುಕ್ಕಿ ಈ ಭೂಮಿ ಮೇಲೆ ಇಲ್ಲ. ಇನ್ನು 80/100 ಕುದುರೆ? ಗೆದ್ರೆ ಬರೋದು 180, ಕೊಟ್ಟಿದ್ದು 140. ನೂರಕ್ಕೆ 78 ಸಲ ಗೆಲ್ಲಬೇಕು. ಬೆಲೆ 40/100ಕ್ಕೆ ಇಳಿದ್ರೆ ಗೆದ್ದಾಗ ಬರೋದು 140. ಗೆಲುವಿಗೂ ಲಾಭ ಸೊನ್ನೆ! ಅಮೆರಿಕದ ಆ ಐದೂವರೆ ಡಾಲರ್ ನಷ್ಟದ ಲೆಕ್ಕವನ್ನೇ ಉದಾಹರಣೆಗೆ ಅಂತ ಇಲ್ಲಿಗೆ ತಂದಿಟ್ರೆ, 140 ಕೊಟ್ಟು ಸರಾಸರಿ 94 ರೂಪಾಯಿ 50 ಪೈಸೆ ವಾಪಸ್ ಬರುತ್ತೆ. ಅಂದ್ರೆ ಅತಿ ಕಡಿಮೆ ನಷ್ಟದ ದಾರಿಯಲ್ಲೂ ಮೂರರಲ್ಲಿ ಒಂದು ಪಾಲು ಹೋಯ್ತು. ಕೌಶಲ ಇಲ್ಲ ಅಂತ ಅಲ್ಲ, ಇಷ್ಟು ಎತ್ತರದ ಗೋಡೆ ಹತ್ತೋವಷ್ಟು ಕೌಶಲ ಯಾರಿಗೂ ಇರಲ್ಲ ಅನ್ನೋದು ನನ್ನ ಅಭಿಪ್ರಾಯ.

ಇಲ್ಲೇ ಆ ಗ್ರೂಪ್‌ಗಳು ಇನ್ನೊಂದು ಬಾಗಿಲು ತೆರೀತವೆ. "ನಮ್ಮ ಹತ್ರ ಜಿಎಸ್‌ಟಿ ಇಲ್ಲ ಬ್ರೋ." ಜಿಎಸ್‌ಟಿ ಇಲ್ಲ ಅಂದ್ರೆ ಲೈಸೆನ್ಸ್ ಇಲ್ಲ ಅಂತ ಅರ್ಥ. ಕರ್ನಾಟಕದಲ್ಲಿ ರೇಸ್ ಮತ್ತು ಬಾಜಿ ನಡೆಯೋದು 1952ರ ರೇಸ್‌ಕೋರ್ಸ್ ಲೈಸೆನ್ಸಿಂಗ್ ಕಾಯ್ದೆಯ ಕೆಳಗೆ. ಅದರ ಹೊರಗೆ ಫೋನ್‌ನಲ್ಲಿ ತಗೊಳ್ಳೋ ಬಾಜಿಗೆ ಟಿಕೆಟ್ ಇಲ್ಲ, ಗೆದ್ದಾಗ ಕೊಡಲಿಲ್ಲ ಅಂದ್ರೆ ಹೋಗಿ ಕೇಳೋಕೆ ಜಾಗವೂ ಇಲ್ಲ. ಸೋತಾಗ ಮಾತ್ರ ಅವರು ನಿಮ್ಮನ್ನ ಹುಡುಕ್ಕೊಂಡು ಬರ್ತಾರೆ.

ಮತ್ತೆ ಟಿಪ್ಸ್ ಗ್ರೂಪಿನ ಲೆಕ್ಕ ಗೊತ್ತಾ? 1,600 ಜನರನ್ನ 8 ಗುಂಪು ಮಾಡಿ. 8 ಕುದುರೆಗಳ ರೇಸಿಗೆ ಪ್ರತಿ ಗುಂಪಿಗೂ ಒಂದೊಂದು ಹೆಸರು ಕೊಡಿ. 200 ಜನರಿಗೆ ಗೆದ್ದ ಕುದುರೆ ಸಿಕ್ತು. ಆ 200 ಜನರನ್ನ ಮತ್ತೆ ಎಂಟು ಮಾಡಿ. ಎರಡನೇ ರೇಸ್ ಮುಗಿದ ಮೇಲೆ 25 ಜನ ಉಳೀತಾರೆ, ಅವರ ಕಣ್ಣಿಗೆ ನೀವು ಸತತ ಎರಡು ರೇಸ್ ಹೇಳಿದ ದೇವರು. ಮೂರನೇ ರೇಸಿಗೆ ಅವರ ಹತ್ರ ಫೀಸ್ ಕೇಳಿದ್ರೆ ಕೊಡದೇ ಇರ್ತಾರಾ? ಎಲ್ಲಾ ಗ್ರೂಪೂ ಹೀಗೇ ಅಂತ ಹೇಳ್ತಿಲ್ಲ. ಸ್ಕ್ರೀನ್‌ಶಾಟ್ ನೋಡಿ ನಂಬೋಕೆ ಮುಂಚೆ ಉಳಿದ 1,575 ಜನ ಎಲ್ಲಿ ಅಂತ ಯೋಚಿಸಿ.

ರೇಸ್ ನೋಡೋದೇ ನಿಮಗೆ ಇಷ್ಟ, ಲೆಕ್ಕ ಹಾಕೋದು ಇಷ್ಟ ಅಂದ್ರೆ ಒಂದು ಕೆಲಸ ಮಾಡಿ. ಒಂದು ರೂಪಾಯಿಯನ್ನೂ ಕಟ್ಟದೆ ಮುಂದಿನ ಸೀಸನ್‌ನಲ್ಲಿ 100 ರೇಸ್ ಆರಿಸ್ಕೊಂಡು ಒಂದು ಶೀಟ್ ಮಾಡಿ. ಮೊದಲ ಕಾಲಂನಲ್ಲಿ ನಿಮ್ಮ ಕುದುರೆ, ಎರಡನೇದ್ರಲ್ಲಿ ಅದು ಗೆಲ್ಲೋ ಸಾಧ್ಯತೆ ಎಷ್ಟು ಪರ್ಸೆಂಟ್ ಅನ್ನೋ ನಿಮ್ಮ ಅಂದಾಜು. ಇದನ್ನ ಬೆಲೆ ನೋಡೋಕೆ ಮುಂಚೆ ಬರೀಬೇಕು, ನೋಡಿದ ಮೇಲೆ ಬರೆದ್ರೆ ಅದು ಗುಂಪಿನ ಅಂದಾಜು, ನಿಮ್ಮದಲ್ಲ. ಮೂರನೇದು ಬೆಲೆ, ನಾಲ್ಕನೇದು ಫಲಿತಾಂಶ, ಐದನೇದ್ರಲ್ಲಿ ಪ್ರತಿ 100ಕ್ಕೂ 40 ತೆರಿಗೆ, ತಪ್ಪದೇ. ಶೀಟ್ ತುಂಬಿದವರು ನನಗೆ ಕಳ್ಸಿ. 10 ಜನ ಕಳ್ಸಿದ್ರೂ ಸಾಕು, ಆ ಅಂಕಿಗಳನ್ನೇ ಇಟ್ಕೊಂಡು ಇನ್ನೊಂದು ಎಪಿಸೋಡ್ ಮಾಡ್ತೀನಿ.